ಗೊಬ್ಬರದ ಗುಂಡಿಗೆ ಹೋದ ಅರವತ್ತು ಚೀಲ

ಮೊದಲು ಲುಕ್ಸಾನಿನ ಮಾತು ಮುಗಿಸಿಬಿಡುತ್ತೇನೆ. ಈ ಕೆಲಸದಲ್ಲಿ ನನಗೆ ಅರವತ್ತು ಚೀಲ ಶೇಂಗಾ ಕಾಳು ಹೋಯಿತು. ಕಳುವಾಗಲಿಲ್ಲ, ಮಳೆಗೆ ಸಿಗಲಿಲ್ಲ. ನಾನೇ ಎದುರಿಗೆ ನಿಂತು ಚೀಲದ ಬಾಯಿ ಬಿಚ್ಚಿಸಿ, ಸಂಪಗಾಂವ ದಾರಿಯಲ್ಲಿರುವ ನಮ್ಮ ಹೊಲದ ಗುಂಡಿಗೆ ಸುರಿಸಿದೆ. ಮೇಲೆ ಸುಣ್ಣ ಚೆಲ್ಲಿಸಿ ಮಣ್ಣು ಎಳೆಸಿದೆ. ಆ ಹೊತ್ತಿಗೂ ಪೇಟೆಯಲ್ಲಿ ಆ ಮಾಲಿಗೆ ಗಿರಾಕಿ ಇದ್ದರು, ದರವೂ ತೀರಾ ಕೆಟ್ಟದ್ದೇನೂ ಇರಲಿಲ್ಲ. ಹಾಗಿದ್ದರೆ ಯಾಕೆ ಸುರಿಸಿದೆ? ಅರ್ಧ ಕಾರಣ ಮಲೇಷಿಯಾದಿಂದ ನಮ್ಮಲ್ಲಿಗೆ ಕೆಲಸಕ್ಕೆ ಬಂದ ಒಬ್ಬ ಹುಡುಗಿ. ಇನ್ನರ್ಧ ಏನೆಂದು ನನಗೇ ಪೂರ್ತಿ ತಿಳಿದಿಲ್ಲ. ಬರೆಯುತ್ತ ಹೋದರೆ ತಿಳಿದೀತು ಎಂದು ಕುಳಿತಿದ್ದೇನೆ.

ನಾನು ಬೈಲಹೊಂಗಲದಲ್ಲಿ ಶೇಂಗಾ ಕಾಯಿ ಒಡೆಸಿ ಕಾಳು ಮಾರುವವಳು. ಗೋದಾಮಿನ ಹೆಣ್ಣುಮಕ್ಕಳು, ಹಮಾಲರು, ದಲಾಲರು ಎಲ್ಲರಿಗೂ ನಾನು ಆಪಾ, ಅಂದರೆ ಅಕ್ಕ. ನಮ್ಮ ಕಾಳು ಮೊದಲಿನಿಂದಲೂ ಹೊರದೇಶಕ್ಕೆ ಹೋಗುತ್ತಿತ್ತು, ಆದರೆ ದೊಡ್ಡ ವ್ಯಾಪಾರಿಗಳ ಹೆಸರು ಹೊತ್ತ ಚೀಲದಲ್ಲಿ. ಆ ವರ್ಷ ದೀಪಾವಳಿಯಾದ ಮೇಲೆ ಮೊದಲ ಸಲ ನನ್ನ ಹೆಸರಿನ ಚೀಲದಲ್ಲಿ ಒಂದು ಕಂಟೇನರ್ ಮಲೇಷಿಯಾಕ್ಕೆ ಹೋಗಬೇಕಿತ್ತು. ಅದು ಪಾಸಾದರೆ ನಾನೂ ಒಬ್ಬ ವ್ಯಾಪಾರಿ. ಫೇಲಾದರೆ ಮತ್ತೆ ಮಂದಿಯ ಚೀಲ ತುಂಬುತ್ತ ಕೂಡಬೇಕು. ಮಾಲು ತಪಾಸ ಮಾಡಿ ಸಹಿ ಹಾಕಲು ಕೊಳ್ಳುವ ಕಂಪನಿಯವರು ತಮ್ಮ ಮನುಷ್ಯನನ್ನು ಸುಗ್ಗಿ ಮುಗಿಯುವವರೆಗೆ ನಮ್ಮಲ್ಲಿ ಇರಿಸುವುದು ಕರಾರು.

ಸೂಟು ಬೂಟಿನ ಸಾಹೇಬ ಬರುತ್ತಾನೆಂದು ನಾನು ಕುರ್ಚಿ ತರಿಸಿಟ್ಟೆ. ಬೆಳಗಾವಿ ಬಸ್ಸಿನಿಂದ ಇಳಿದವಳು ತಲೆಗೆ ಬಟ್ಟೆ ಸುತ್ತಿ ಪಿನ್ನು ಚುಚ್ಚಿಕೊಂಡಿದ್ದ, ಬೆನ್ನಿಗೆ ಚೀಲ ಹಾಕಿದ್ದ ಒಬ್ಬ ತೆಳ್ಳನೆಯ ಹುಡುಗಿ. ಕಾಲೇಜು ಮುಗಿಸಿ ಇದು ಅವಳ ಮೊದಲ ನೌಕರಿಯಂತೆ. ಗೋದಾಮಿನ ಹೊಸ್ತಿಲಲ್ಲಿ ಬೂಟು ಕಳಚಿಟ್ಟು ಬರಿಗಾಲಲ್ಲಿ ಕಾಯಿಯ ರಾಶಿಯ ನಡುವೆ ನಡೆದಳು. ಕಾಳು ಆರಿಸುವ ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಮುದುಕಿಗೆ ಅದು ಬಹಳ ಮನಸ್ಸಿಗೆ ಬಂತು.

"ನೋಡ್ರೇ, ಪರದೇಶದಾಕಿಗೆ ಗೊತ್ತೈತಿ, ಇದು ಉಣ್ಣೋ ಜಿನಸ ಅಂತ. ನಮ್ಮ ಹಮಾಲ್ರು ಚಪ್ಪಲಿ ಮ್ಯಾಲೇ ತುಳದ್ಯಾಡತಾರ."

"ಆಕಿ ಹೊತ್ತ ತರತಾಳೇನಬೇ ಚೀಲಾ? ತರೂದಿದ್ರ ನಾವೂ ಚಪ್ಪಲಿ ಬಿಡತೇವಿ," ಎಂದ ಹಮಾಲ.

ನಮ್ಮ ಮನೆಯ ಮೇಲಿನ ಕೋಣೆ ಅವಳಿಗೆ ಕೊಟ್ಟೆ. ಅವಳೂ ಮುಸಲ್ಮಾನಳೇ ಎಂದು ತಿಳಿದಾಗ ಅರ್ಧ ಕೆಲಸ ಆದಂತೆ ಅನಿಸಿತು. ನಮ್ಮವಳೇ, ಇನ್ನೇನು ತಕರಾರು? ಆದರೆ ದಿನ ಹೋದಂತೆ ನಮ್ಮವಳು ಎನ್ನಲು ಏನು ಉಳಿಯಿತು ಎಂಬುದೇ ತಿಳಿಯದಾಯಿತು. ಸಂಜೆ ನಮಾಜಿಗೆ ಅವಳು ತಲೆಯಿಂದ ಹಿಮ್ಮಡಿಯವರೆಗೆ ಬೆಳ್ಳಗಿನ ಒಂದು ನಿಲುವಂಗಿ ಹಾಕಿಕೊಂಡು ಮುಖ ಮಾತ್ರ ಬಿಟ್ಟು ನಿಂತಿದ್ದಾಗ, ಕಸ ಹೊಡೆಯುವವಳು ಬಾಗಿಲು ತೆರೆದು ಚೀರಿ ಓಡಿ ಬಂದಳು. ಮುಂಜಾನೆ ಎದ್ದ ಕೂಡಲೇ ಅವಳಿಗೆ ಅನ್ನ ಬೇಕು. ಅನ್ನದ ಮೇಲೆ ಒಣಗಿದ ಸಣ್ಣ ಮೀನು ಮತ್ತು ಶೇಂಗಾ ಕೂಡಿಸಿ ಹುರಿದದ್ದು. ಆ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ನಮ್ಮ ಪಾವಟಿಗೆಯ ಮೇಲೆ ಕೂಡತೊಡಗಿದವು.

"ನಿಮ್ಮ ಕಾಳು ನಮ್ಮ ಊರಿಗೆ ಹೋಗುವುದು ಇದಕ್ಕೇ," ಎಂದು ತಟ್ಟೆ ತೋರಿಸಿದಳು. ನನ್ನ ಹರಕು ಇಂಗ್ಲಿಷ್, ಅವಳು ಹಿಂದಿ ಸಿನಿಮಾ ನೋಡಿ ಕಲಿತ ನಾಲ್ಕು ಮಾತು, ಉಳಿದದ್ದು ಕೈಸನ್ನೆ, ಹೀಗೆ ನಡೆಯುತ್ತಿತ್ತು ನಮ್ಮ ಸಂಭಾಷಣೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. "ಶಾಲೆಗೆ ಹೋಗುವ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಮುಂಜಾನೆ ತಿನ್ನುತ್ತಾರೆ. ಮೇಲಿನ ಶೇಂಗಾ ಮೊದಲು ಆರಿಸಿ ತಿನ್ನುತ್ತಿದ್ದೆ ಎಂದು ಅಮ್ಮ ಬೈಯುತ್ತಿದ್ದಳು."

ನನಗೆ ವಿಚಿತ್ರ ಎನಿಸಿತು. ರಾಮದುರ್ಗದ ಹೊಲದ ಕಾಳು ಕಡಲು ದಾಟಿ ಮೀನಿನ ಜೊತೆ ಸೇರಬೇಕೆಂದು ಯಾರು ಬರೆದಿಟ್ಟರೋ.

ಎದುರಿನವರ ಮುಖ ನೋಡಿ ದರ ಹೇಳುವುದು ನನ್ನ ವಿದ್ಯೆ. ಹುಬ್ಬು ಏರಿದರೆ ಇಷ್ಟು, ತುಟಿ ಬಿಗಿದರೆ ಇಷ್ಟು. ಈ ಹುಡುಗಿಯ ಮುಖ ಮಾತ್ರ ನನಗೆ ಓದಲು ಬರಲೇ ಇಲ್ಲ. ಏನು ಕೇಳಿದರೂ ಸಣ್ಣಗೆ ನಗುತ್ತಿದ್ದಳು. "ಮಾಲು ಹೇಗಿದೆ?" ಎಂದರೆ ನಗು, "ನೋಡೋಣ." ನಮ್ಮ ಪೇಟೆಯಲ್ಲಿ ಗಿರಾಕಿ ಮಾಲು ನೋಡಿ ನಕ್ಕು ಸುಮ್ಮನಾದ ಎಂದರೆ ದರ ಹೆಚ್ಚಾಯಿತು ಎಂದರ್ಥ. ಹಾಗೆಂದು ತಿಳಿದು, ಅವಳು ಕೇಳದೆಯೇ, ಅವಳ ಕಂಪನಿಗೆ ಫೋನು ಮಾಡಿ ನಾನಾಗಿಯೇ ದರ ಇಳಿಸಿದೆ. ಅವರು ಥ್ಯಾಂಕ್ಸ್ ಹೇಳಿದರು. ಇವಳು ಮರುದಿನವೂ ಹಾಗೇ ನಕ್ಕಳು. ಚೀಲ ತೋರಿಸಲು ಬೆರಳು ಚಾಚದೆ ಮುಷ್ಟಿ ಮಡಚಿ ಹೆಬ್ಬೆಟ್ಟು ತೋರಿಸುವುದು ಅವರ ಊರಿನ ಮರ್ಯಾದೆಯಂತೆ. ನಮ್ಮಲ್ಲಿ ಅದು "ನಿನಗೇನೂ ಸಿಗೂದಿಲ್ಲ ಹೋಗು" ಎಂದಂತೆ. ಹಮಾಲ ಅರ್ಧ ದಿನ ಮುಖ ಉಬ್ಬಿಸಿಕೊಂಡು ಕುಳಿತ.

ತಪಾಸಿನ ರೀತಿ ಹೀಗೆ. ಮೊದಲು ಪುಟ್ಟ ಯಂತ್ರಕ್ಕೆ ಒಂದು ಹಿಡಿ ಕಾಳು ಹಾಕಿ ತೇವಾಂಶ ನೋಡುವುದು. ಆಮೇಲೆ ಕಾಳು ಅರೆದು ದ್ರಾವಣದಲ್ಲಿ ಕಲಕಿ, ಸೋಸಿ, ಅದರಲ್ಲಿ ಒಂದು ಕಾಗದದ ಪಟ್ಟಿ ಅದ್ದುವುದು. ಶೇಂಗಾಕ್ಕೆ ಬೂಷ್ಟು ಹಿಡಿದರೆ ಅದರಲ್ಲಿ ಕಣ್ಣಿಗೆ ಕಾಣದ ವಿಷ ಕೂಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದರೆ ಮಾಲು ಪಾಸು. ಒಂದೇ ಗೆರೆ ಮೂಡಿದರೆ ಫೇಲು.

ಹೆಣ್ಣುಮಕ್ಕಳಿಗೆ ನಗು ತಡೆಯಲಾಗಲಿಲ್ಲ. "ಆಪಾ, ನಮಗೂ ದವಾಖಾನ್ಯಾಗ ಹಿಂತಾದ್ದ ಕೊಡತಾರಲ್ರೀ. ಎರಡ ಗೆರಿ ಬಂದ್ರ ಪೇಢೆ ಹಂಚತಾರ!"

"ಇಲ್ಲೂ ಹಂಚತೇನಿ, ಮೊದಲ ಬರ್ಲಿ," ಎಂದೆ.

ಬರಲಿಲ್ಲ. ಕಂಟೇನರ್‌ಗೆಂದು ಒಡೆದು ಚೀಲ ತುಂಬಿ ಗೋಡೆಗೆ ಒಟ್ಟಿದ್ದ ಮೊದಲ ಅರವತ್ತು ಚೀಲದಲ್ಲಿ ಎಲ್ಲಿಂದ ತೆಗೆದು ನೋಡಿದರೂ ಒಂದೇ ಗೆರೆ. ಹೊಸದಾಗಿ ಒಡೆದ ಕಾಳಿಗೆ ಗೆರೆ ಎರಡು ಬಂದರೂ ತೇವಾಂಶ ಹೆಚ್ಚು. ಎಂಟರ ಒಳಗೆ ಇರಬೇಕಾದದ್ದು ಹತ್ತರ ಮೇಲೆ. ನಾನು ಬಲ್ಲ ದಾರಿಯನ್ನೇ ಹಿಡಿದೆ.

"ನೀವ್ ಎಂಟ ಅಂತೀರಿ, ನಂದ ಹತ್ತ ಐತಿ. ಬರ್ರಿ, ಒಂಬತ್ತಕ್ಕ ಮುಗಸೂಣು."

ಅವಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ನಕ್ಕಳು. ಒಪ್ಪಿಗೆ ಆಯಿತೆಂದು ನಾನು ಚಹಾ ತರಿಸಿದೆ. ಅವಳು ಚಹಾ ಕುಡಿದು ಆ ಮಾಲನ್ನೂ ಫೇಲು ಮಾಡಿದಳು.

ಇವಳಿಗೆ ಏನಾದರೂ ಬೇಕಿರಬಹುದು ಎಂದೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಪೇಟೆಗೆ ಕರೆದುಕೊಂಡು ಹೋಗಿ ಒಳ್ಳೆಯ ಇಳಕಲ್ ಸೀರೆ ಕೊಡಿಸಿದೆ. ಎರಡೂ ಕೈ ಚಾಚಿ ತೆಗೆದುಕೊಂಡಳು, ಕಣ್ಣು ಅರಳಿತು. ಮರುದಿನ, ತನ್ನ ತಾಯಿ ಕಟ್ಟಿಕೊಟ್ಟಿದ್ದ ಬಿಸ್ಕೀಟಿನ ಡಬ್ಬಿ, ಒಂದು ಹೂವಿನ ರೇಶಿಮೆ ಶಾಲು ನನ್ನ ಮಡಿಲಿಗೆ ಹಾಕಿ ಲೆಕ್ಕ ಸರಿ ಮಾಡಿಬಿಟ್ಟಳು. ಆಮೇಲೆ ಗೋದಾಮಿಗೆ ಹೋಗಿ ಇನ್ನೊಂದು ಮಾಲು ಫೇಲು ಮಾಡಿದಳು. ಸೀರೆ ಯಾಕೆ ಕೊಟ್ಟೆನೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹಡಗಿನ ದಿನ ಹತ್ತಿರ ಬರುತ್ತಿತ್ತು. ಕಾಯಿಯಲ್ಲೇ ದೋಷವಿದೆ ಎಂದು ತೀರ್ಮಾನಿಸಿ, ಜೀಪಿನಲ್ಲಿ ಅವಳನ್ನು ಕೂರಿಸಿಕೊಂಡು ಕಾಯಿ ಕೊಂಡ ಕಡೆಯೆಲ್ಲ ತಿರುಗಿದೆ. ನೇಸರಗಿ ಆಯಿತು, ಕಿತ್ತೂರಿನ ಸುತ್ತ ಆಯಿತು, ಸವದತ್ತಿ ದಾಟಿ ರಾಮದುರ್ಗದವರೆಗೂ ಹೋದೆವು. ಎಲ್ಲ ಕಡೆ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಒಣಗಿದ ಕಾಯಿಯ ಸದ್ದೇ ಅದು. ಅಲ್ಲಿಯೇ ಕೈಯಿಂದ ಸುಲಿದು ಯಂತ್ರಕ್ಕೆ ಹಾಕಿದರೆ ಆರೋ ಏಳೋ. ಪಟ್ಟಿಗೆ ಎರಡು ಗೆರೆ. ಅದೇ ಕಾಯಿ ನನ್ನ ಗೋದಾಮಿಗೆ ಬಂದು ಕಾಳಾದರೆ ಹತ್ತು! ಗೋದಾಮಿನ ನೆಲ ಹಸಿಯೇ? ಕೆಳಗೆ ಹಲಗೆ ಹಾಕಿಸಿದ್ದೆ. ಚೀಲ ಹಸಿಯೇ? ಬಿಸಿಲಿಗೆ ಹಾಕಿಸಿದ್ದೆ. ಯಂತ್ರವೇ ಸುಳ್ಳು ಹೇಳುತ್ತಿದೆಯೇ? ಹಾಗಿದ್ದರೆ ರಾಮದುರ್ಗದಲ್ಲಿ ಯಾಕೆ ಹೇಳಲಿಲ್ಲ?

ರಾಮದುರ್ಗದ ರೈತನ ಹೆಂಡತಿ ನಮ್ಮನ್ನು ಉಣ್ಣದೆ ಬಿಡಲಿಲ್ಲ. ಹುಡುಗಿಯ ಮುಂದೆ ಕುಳಿತು ಅವಳ ಕೈಬಳೆ ಮುಟ್ಟಿ ನೋಡುತ್ತ ವಿಚಾರಣೆಗೆ ಇಳಿದಳು.

"ಪಗಾರ ಎಷ್ಟಂತ ಈಕಿದು? ಲಗ್ನ ಆಗೇತಿ? ಆಗಿಲ್ಲಂದ್ರ ಅವ್ವ ಅಪ್ಪ ಹೆಂಗ ಬಿಟ್ಟಾರ ಇಷ್ಟ ದೂರ?"

ನಾನು ಇದ್ದದ್ದರಲ್ಲಿ ಅರ್ಧ ಮಾತ್ರ ಇಂಗ್ಲಿಷಿಗೆ ತಿರುಗಿಸಿದೆ. ಹುಡುಗಿ ನಕ್ಕಳು. ರೈತನ ಹೆಂಡತಿ ಮತ್ತೊಂದು ರೊಟ್ಟಿ ಹಾಕಿದಳು. ಹುಡುಗಿ ಮತ್ತೆ ನಕ್ಕಳು, ಮತ್ತೊಂದು ಬಿತ್ತು.

ಮರಳಿ ಬರುವಾಗ ಸವದತ್ತಿಯ ಗುಡ್ಡದ ಗಾಳಿ ಜೀಪಿನೊಳಗೆ ನುಗ್ಗುತ್ತಿತ್ತು. ಹುಡುಗಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಆಮೇಲೆ ತಾನಾಗಿಯೇ ಮಾತಾಡಿದಳು.

"ಇಲ್ಲಿ ಎಲ್ಲರೂ ನನ್ನ ಮದುವೆ ಕೇಳುತ್ತಾರೆ, ಸಂಬಳ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರೂ ಕೇಳದಿದ್ದರೆ ಆ ದಿನ ಖಾಲಿ ಅನಿಸುತ್ತದೆ. ಊರಿಗೆ ಹೋದರೆ ನನ್ನನ್ನು ಯಾರು ಕೇಳುತ್ತಾರೋ. ಅಲ್ಲಿದ್ದಾಗ ಬೇರೆ ದೇಶ ನೋಡಬೇಕೆಂಬ ಹಟ ಇತ್ತು. ಇಲ್ಲಿ ಬಂದ ಮೇಲೆ ನಮ್ಮ ಮನೆಯ ಮಳೆಯ ವಾಸನೆಯೇ ನೆನಪಾಗುತ್ತದೆ. ನಮ್ಮ ಊರು ಕಡಲ ಪಕ್ಕ. ಅಲ್ಲಿ ಏನೂ ಒಣಗುವುದಿಲ್ಲ. ಬೂಟಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಅಪ್ಪನ ನಮಾಜಿನ ಟೋಪಿಗೂ ಬೂಷ್ಟು. ಬಟ್ಟೆ ಒಣಗಿಸುವುದೇ ಅಮ್ಮನ ಆಯುಷ್ಯದ ಕೆಲಸ. ಇಲ್ಲಿ ಮಾಳಿಗೆಯ ಮೇಲೆ ಹಗ್ಗದ ಆ ತುದಿಯವರೆಗೆ ಹರವಿ ಬರುವಷ್ಟರಲ್ಲಿ ಈ ತುದಿಯದು ಒಣಗಿರುತ್ತದೆ. ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ."

ನನ್ನ ಕಡೆ ತಿರುಗಿದಳು.

"ಆಪಾ, ನನ್ನ ಬಟ್ಟೆ ಒಣಗುವ ಊರಿನಲ್ಲಿ ನಿಮ್ಮ ಶೇಂಗಾ ಯಾಕೆ ಒಣಗುವುದಿಲ್ಲ?"

ಎಲ್ಲವೂ ಸರಿಯಾಗಿಯೇ ನಡೆದಿದೆಯಲ್ಲ ಎಂದು ಮತ್ತೊಮ್ಮೆ ಕೆಲಸದ ವರಸೆ ಹೇಳಿದೆ. ಅವಳು ಬಂದ ದಿನವೂ ಇದನ್ನೇ ಹೇಳಿದ್ದೆ. ಕಾಯಿ ತೂಗುತ್ತೇವೆ, ಜರಡಿ ಹಿಡಿಯುತ್ತೇವೆ, ಮಿಶನ್ನಿಗೆ ಹಾಕಿ ಒಡೆಯುತ್ತೇವೆ, ಆರಿಸುತ್ತೇವೆ, ಚೀಲ ತುಂಬುತ್ತೇವೆ. ಅವಳು ಬೆರಳು ಮಡಚುತ್ತ ಕೇಳಿ, "ಇವನ್ನೆಲ್ಲ ನಾನು ನೋಡಿದ್ದೇನೆ. ನಾನು ಬರುವ ಮೊದಲು, ಬೆಳಕು ಹರಿಯುವಾಗ, ಅಲ್ಲಿ ಏನು ನಡೆಯುತ್ತದೆ?" ಎಂದಳು.

"ಏನೂ ಇಲ್ಲ," ಎಂದೆ. ನಿಜವಾಗಿಯೂ ಹಾಗೇ ತಿಳಿದಿದ್ದೆ.

ಮರುದಿನ ನಸುಕಿನ ನಮಾಜು ಮುಗಿಸಿ ಅವಳು ನನ್ನ ಜೊತೆ ಗೋದಾಮಿಗೆ ಬಂದಳು. ಮಿಶನ್ ನಡೆಸುವ ಮೇಸ್ತ್ರಿ ದಿನದ ಕಾಯಿಯನ್ನು ಅಂಗಳದಲ್ಲಿ ಹರವಿ, ಕೊಡದಿಂದ ಕೈಯಲ್ಲಿ ನೀರು ತೆಗೆದು ಚಿಮುಕಿಸುತ್ತ ಹೊರಟಿದ್ದ. ಹಿಂದೆ ಇಬ್ಬರು ಸಲಿಕೆಯಿಂದ ತಿರುವಿ, ಮೇಲೆ ತಾಡಪತ್ರಿ ಮುಚ್ಚುತ್ತಿದ್ದರು. ಕಾಯಿಗೆ ತುಸು ತೇವ ತಾಗಿದರೆ ಸಿಪ್ಪೆ ಮೆತ್ತಗಾಗಿ ಒಳಗಿನ ಕಾಳು ಬೇಳೆಯಾಗದೆ ಇಡಿಯಾಗಿ ಬೀಳುತ್ತದೆ. ಇಲ್ಲಿ ಕಾಯಿ ಒಡೆಸುವವರೆಲ್ಲ ಮಾಡುವುದೇ ಇದು. ನಾನೂ ಹೆಮ್ಮೆಯಿಂದಲೇ ತೋರಿಸಿದೆ. ನೋಡು, ನಮ್ಮ ಕಾಳು ಇಷ್ಟು ಇಡಿಯಾಗಿ ಬರುವ ಗುಟ್ಟು ಇದು!

ಹುಡುಗಿ ನಕ್ಕಳು. ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ತಾಡಪತ್ರಿಯ ಅಡಿ ಕೈ ಹಾಕಿದಳು. "ದಿನಾಲೂ?"

"ದಿನಾಲೂ," ಎಂದೆ. ಅಂದ ಮೇಲೆ ನಾನೂ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಗಲಗಲ ಎನ್ನಲಿಲ್ಲ.

ಅಡಿಗೆ ಹೇಳಿಕೊಡುವವರು ಕೈ ತೊಳೆದುಕೋ ಎಂದು ಹೇಳುತ್ತಾರೆಯೇ? ಹಾಗೆ ನಾನು ಈ ನೀರನ್ನು ಹೇಳಿಯೇ ಇರಲಿಲ್ಲ, ಬಚ್ಚಿಟ್ಟದ್ದೂ ಅಲ್ಲ. ನಮ್ಮ ಪೇಟೆಯಲ್ಲಿ ಇವತ್ತು ಒಡೆದ ಕಾಳು ನಾಳೆ ನಾಡಿದ್ದರೊಳಗೆ ಕಿರಾಣಿ ಅಂಗಡಿಗೆ, ಅಲ್ಲಿಂದ ಹುರಿಯುವ ಬಾಣಲೆಗೆ ಹೋಗಿಬಿಡುತ್ತದೆ. ತೇವಕ್ಕೆ ಬೂಷ್ಟಾಗಲು ಪುರಸೊತ್ತೇ ಇಲ್ಲ. ಕಂಟೇನರ್‌ಗೆಂದು ಚೀಲ ಹೊಲಿದು ವಾರಗಟ್ಟಲೆ ಒಟ್ಟಿದ್ದು ಇದೇ ಮೊದಲು. ಹೊರಗೆ ಒಣಗಿದ್ದಂತೆ ಕಂಡ ಕಾಳು ಒಳಗೊಳಗೇ ಬೆವತಿತ್ತು.

"ನಿನಗೆ ಸಂಶಯ ಮೊದಲೇ ಇತ್ತು. ಯಾಕೆ ಬಾಯಿ ಬಿಡಲಿಲ್ಲ?" ಎಂದು ರೇಗಿದೆ.

ಅವಳು ಗಾಬರಿಯಾದಳು. "ಪ್ರತಿ ದಿನ ಹೇಳಿದೆನಲ್ಲ. ನೀವು ದೊಡ್ಡವರು. ನಮ್ಮಲ್ಲಿ ದೊಡ್ಡವರ ಮುಖಕ್ಕೆ ಇಲ್ಲ ಅನ್ನುವುದಿಲ್ಲ. ನಗುತ್ತೇವೆ. ಅವರಿಗೆ ತಿಳಿಯುತ್ತದೆ."

ಅಂದರೆ ಇಷ್ಟು ದಿನ ಅವಳು ಇಲ್ಲ ಇಲ್ಲ ಎನ್ನುತ್ತಲೇ ಇದ್ದಳು, ನಾನು ಚಹಾ ತರಿಸುತ್ತಲೇ ಇದ್ದೆ. ರಾಮದುರ್ಗದ ಆ ರೊಟ್ಟಿಗಳೂ ನೆನಪಾದವು, ಪಾಪ.

ನೀರು ನಿಲ್ಲಿಸಿ ಎಂದೆ. ಮೇಸ್ತ್ರಿ ಕೊಡ ಕೆಳಗೆ ಇಡಲಿಲ್ಲ.

"ಆಪಾ, ಒಣಾ ಕಾಯಿ ಹಾಕಿದ್ರ ಅರ್ಧಾ ಬ್ಯಾಳಿ ಆಗತೈತಿ. ಆಮ್ಯಾಲ ಮೇಸ್ತ್ರಿ ಮಿಶನ್ ಕೆಡಿಸ್ದಾ ಅಂತ ನನಗ ಬೈಬ್ಯಾಡ್ರಿ."

"ಬೈತೇನಿ. ಆದ್ರ ನೀರ ಬ್ಯಾಡ."

ಅವನು ಹೇಳಿದಂತೆಯೇ ಆಯಿತು. ಮೊದಲ ದಿನ ಬಿದ್ದ ರಾಶಿ ನೋಡಿ ಮುದುಕಿ, "ಇದರಾಗ ಕಾಳ ಹುಡಕೂದಕಿಂತ ಹಿಟ್ಟ ಬೀಸೂದ ಸಲೀಸ," ಎಂದಳು. ಮಿಶನ್ನಿನ ಪುಲ್ಲಿ ಬದಲಿಸಿ ತಿರುಗುವ ವೇಗ ಇಳಿಸಿದೆವು. ಒಳಗಿನ ಕಬ್ಬಿಣದ ಪಟ್ಟಿಗಳಿಗೆ ರಬ್ಬರು ಕಟ್ಟಿಸಿದೆವು. ಕಾಯಿಯನ್ನು ಗಾತ್ರದ ಮೇಲೆ ಎರಡು ಪಾಲು ಮಾಡಿ ಸಣ್ಣದಕ್ಕೊಂದು, ದಪ್ಪದಕ್ಕೊಂದು ಜಾಲರಿ ಹಾಕಿದೆವು. ಬೇಳೆ ಕಡಿಮೆಯಾಯಿತು, ಆದರೂ ಕರಾರಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚೇ. ತೇವಾಂಶ ಮಾತ್ರ ಎಂಟು ದಾಟಲಿಲ್ಲ. ಪಟ್ಟಿಗೆ ಎರಡು ಗೆರೆ. ಪೇಢೆ ಹಂಚಿದೆ.

ಬೇಳೆಯ ಮಾತು ಅವಳ ಕಂಪನಿಯ ಜೊತೆ ನಾನೇ ಆಡಿದೆ. ಹುಡುಗಿ ಫೋನು ಹಿಡಿದು ಪಕ್ಕದಲ್ಲಿ ಕುಳಿತಳು. "ನೀವು ಇಡಿಯಾದ ಕಾಳು ಕೇಳಿದ್ದಿರಿ. ಅದು ಬೇಕಾದರೆ ತೇವದ ಜೊತೆ ಬರುತ್ತದೆ. ಒಣಗಿದ್ದು ಬೇಕಾದರೆ ಬೇಳೆ ಸಹಿಸಿಕೊಳ್ಳಬೇಕು," ಎಂದೆ. ಆ ಕಡೆಯಿಂದ ಸುಮ್ಮನೆ ಉಸಿರಿನ ಸದ್ದು. ನಗುತ್ತಿದ್ದಾರೆ ಎಂದು ಊಹಿಸಿ ದರ ಇಳಿಸುವ ಬಾಯಿ ತಡೆದುಕೊಂಡೆ. ಅವರು ತುಸು ಕಡಿಮೆ ದರಕ್ಕೆ, ಒಂದು ಹಡಗು ತಡವಾಗಿ ತೆಗೆದುಕೊಳ್ಳಲು ಒಪ್ಪಿದರು.

ಗೆರೆ ಎರಡು ಬಂದು ಬರೀ ತೇವಕ್ಕೆ ಫೇಲಾದ ಹೊಸ ಕಾಳು ಆಗಿಂದಾಗಲೇ ಪೇಟೆಗೆ ಹೋಗಿತ್ತು. ಉಳಿದದ್ದು ಗೋಡೆಗೆ ಒಟ್ಟಿದ್ದ ಅರವತ್ತು ಚೀಲ. ಹೊರದೇಶಕ್ಕೆ ಫೇಲಾದ ಮಾಲು ಊರ ಪೇಟೆಗೆ ಹೋಗುವುದು ಮೊದಲಿನಿಂದ ಬಂದ ರಿವಾಜು. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಸುದ್ದಿ ಕೇಳಿದ ಒಬ್ಬ ದಲಾಲ ಮಧ್ಯಾಹ್ನ ಊಟದ ಹೊತ್ತಿಗೇ ಬಂದ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ, ಮುಖ ಸ್ವಲ್ಪ ಕಿವುಚಿ ಮತ್ತೊಂದು ಹಿಡಿ ಹಾಕಿಕೊಂಡ.

"ನಡೀತೈತಿ ಆಪಾ. ಚಟ್ನಿ ಪುಡಿ ಮಾಡೋರಿಗೆ ಕೊಡತೇನಿ. ಖಾರ ಬೆಳ್ಳುಳ್ಳಿ ಬಿದ್ದ ಮ್ಯಾಲ ಯಾರಿಗೆ ತಿಳೀತೈತಿ?"

ದರ ಕುದುರಿತು. ಕೈ ಕುಲುಕುವುದೊಂದು ಬಾಕಿ. ಅಲ್ಲೇ ಪಕ್ಕದಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕುಳಿತಿದ್ದರು. ಮುದುಕಿ ಹುಡುಗಿಯ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅದೇ ಚಟ್ನಿ ಪುಡಿ, ಹಾಕಿ, ನಡುವೆ ಗುಂಡಿ ಮಾಡಿ ಎಣ್ಣೆ ಬಿಟ್ಟಳು. ಹುಡುಗಿಗೆ ಅದೆಂದರೆ ಪ್ರಾಣ. ಊರಿಗೆ ಒಯ್ಯಲು ಒಂದು ಡಬ್ಬಿ ಕೇಳಿ ಇಟ್ಟಿದ್ದಳು. ರೊಟ್ಟಿ ಮುರಿಯುತ್ತ ನನ್ನ ಕಡೆ ತಿರುಗಿ, "ಆಪಾ, ಆ ಚೀಲಗಳು ಎಲ್ಲಿಗೆ ಹೋಗುತ್ತವೆ?" ಎಂದಳು.

"ಇಲ್ಲೇ. ಪೇಟೆಗೆ," ಎಂದೆ.

ಅವಳು ನಕ್ಕಳು.

ಈ ಸಲ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು. ಅವಳ ಊರಿನ ಮಕ್ಕಳ ಮುಂಜಾನೆಯ ಅನ್ನಕ್ಕೆ ಬೇಡವಾದದ್ದು ಈ ಮುದುಕಿಯ ರೊಟ್ಟಿಗೆ ಆಗುತ್ತದೆ ಎಂದು ನಾನು ಈಗಷ್ಟೇ ದರ ಕಟ್ಟಿದ್ದೆ. ಯಾರೂ ನನ್ನನ್ನು ಕೇಳುವವರಿರಲಿಲ್ಲ. ಹುಡುಗಿಯ ಸಹಿಗೂ ಆ ಚೀಲಗಳಿಗೂ ಸಂಬಂಧವಿರಲಿಲ್ಲ. ಎಣ್ಣೆ ಗಾಣಕ್ಕೆ ಕೊಡೋಣವೆಂದರೆ ಎಣ್ಣೆ ತೆಗೆದು ಉಳಿದ ಹಿಂಡಿ ಎಮ್ಮೆಗೆ ಹೋಗುತ್ತದೆ, ಎಮ್ಮೆಯ ಹಾಲು ಮತ್ತೆ ನಮ್ಮ ಚಹಾಕ್ಕೆ. ಯಾವ ಕಡೆಯಿಂದ ಕಳಿಸಿದರೂ ಸುತ್ತಿ ಇಲ್ಲಿಗೇ ಬರುತ್ತಿತ್ತು.

"ಮಾಲ ಕೊಡೂದಿಲ್ಲ," ಎಂದೆ.

ದಲಾಲ ನಕ್ಕ. ಅದು ನಮ್ಮ ಕಡೆಯ ನಗು, ನನಗೆ ಚೆನ್ನಾಗಿ ಗೊತ್ತಿರುವುದು. "ಇನ್ನೊಂದ್ ಸ್ವಲ್ಪ ಏರಸ್ಲಿ?"

"ಏರಿಸಬ್ಯಾಡ್ರಿ. ಮನಿಗ ನಡೀರಿ, ಊಟದ ಹೊತ್ತಾತು."

ಮುಂದಿನದನ್ನು ಮೊದಲೇ ಹೇಳಿದ್ದೇನೆ. ಹಮಾಲ ಗುಂಡಿಗೆ ಸುರಿಯುವಾಗ, "ಆಪಾಗ ಆ ಮಲೇಷ್ಯಾದಾಕಿ ಏನೋ ಮಾಡಿಸ್ಯಾಳ," ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಇರಬಹುದು. ಕಂಟೇನರ್ ಹೋಯಿತು, ಅಲ್ಲಿ ಪಾಸಾಯಿತು, ಮತ್ತೊಂದಕ್ಕೆ ಆರ್ಡರ್ ಬಂತು. ಹುಡುಗಿ ಸುಗ್ಗಿ ಮುಗಿಸಿ ಹೋಗುವಾಗ ಇಳಕಲ್ ಸೀರೆ ಸುತ್ತಲು ಬಾರದೆ ಹೆಗಲ ಮೇಲೆ ಹಾಕಿಕೊಂಡಿದ್ದಳು. ಬಸ್ಸಿನ ಕಿಟಕಿಯಿಂದ, "ಮತ್ತೆ ಬರಲಾ ಆಪಾ?" ಎಂದಳು. ನಾನು ಬಾಯಿ ಬಿಟ್ಟು "ಬಾ" ಎಂದೆ. ಸುಮ್ಮನೆ ನಕ್ಕಿದ್ದರೆ ಅವಳು ಏನು ತಿಳಿಯುತ್ತಿದ್ದಳೋ.

ಈಗ ನಿಮಗೆ ನಾಲ್ಕು ಮಾತು. ಹೊರದೇಶದವರ ಜೊತೆ ವ್ಯವಹಾರ ಮಾಡುವವರಿದ್ದರೆ, ಅವರು ಬಂದ ಮೊದಲ ದಿನವೇ, ಇಲ್ಲ ಅನ್ನಬೇಕಾದಾಗ ನಿಮ್ಮ ಊರಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿಬಿಡಿ. ಅದನ್ನು ತಿಳಿಯದೆ ದರ ಇಳಿಸಬೇಡಿ. ಕೆಲಸದ ವರಸೆ ಹೇಳುವಾಗ ನಿಮಗೆ ಹೇಳಬೇಕೆಂದು ಹೊಳೆಯದೆ ಇದ್ದದ್ದನ್ನು ತೋರಿಸಿ. ಅದಕ್ಕೆ ಅವರನ್ನು ನಸುಕಿನಲ್ಲಿ ಕರೆದುಕೊಂಡು ಹೋಗುವುದೇ ದಾರಿ. ಕಾಯಿ ಒಡೆಸುವವರು ನೀರಿನ ಕೊಡ ಒಳಗಿಟ್ಟು ಪುಲ್ಲಿ ಬದಲಿಸಿ. ಚೌಕಾಶಿ ಎಲ್ಲದರಲ್ಲೂ ಮಾಡಿ, ಯಂತ್ರ ತೋರಿಸಿದ ಅಂಕಿಯ ಜೊತೆ ಮಾತ್ರ ಬೇಡ.

ಇನ್ನು ಶೇಂಗಾ ಬರೀ ತಿನ್ನುವವರಿಗೆ. ಹಿಡಿಯಲ್ಲಿ ಒಂದು ಕಹಿ ಕಾಳು ಸಿಕ್ಕರೆ ನಾವೆಲ್ಲ ಏನು ಮಾಡುತ್ತೇವೆ ಗೊತ್ತಲ್ಲ, ಎರಡು ಒಳ್ಳೆಯ ಕಾಳು ಬಾಯಿಗೆ ಹಾಕಿಕೊಂಡು ಅದನ್ನು ನುಂಗಿ ಮರೆಯುತ್ತೇವೆ. ಹಾಗೆ ಮಾಡಬೇಡಿ. ಉಗುಳಿ.